ಯಾವ ಕಾಲದ ಡಿಕ್ಷನರಿ ನೋಡಬೇಕು ಸ್ವಾಮಿ?

ಪದದ ಬಗ್ಗೆ ಎಲ್ಲೇ ಜಗಳ ಆಗಲಿ, ಕೊನೆಗೆ ಒಬ್ಬರು "ಡಿಕ್ಷನರಿ ತೆಗೆದು ನೋಡ್ರೀ" ಅಂತಾರೆ. ಅಲ್ಲಿಗೆ ಎದುರಿನವರ ಬಾಯಿ ಬಂದ್. ನೋಡೋಣ, ಆದರೆ ಯಾವ ಕಾಲದ ಡಿಕ್ಷನರಿ?

ಇಂಗ್ಲಿಷಿನ ‘ಸಿಲ್ಲಿ’ಯನ್ನೇ ತಗೊಳ್ಳಿ. ಸಾವಿರ ವರ್ಷದ ಹಿಂದೆ ಅದರ ಹಳೇ ರೂಪಕ್ಕೆ ಪುಣ್ಯವಂತ, ಸುಖವಾಗಿರುವವನು ಅಂತ ಅರ್ಥ ಇತ್ತು. ಪುಣ್ಯವಂತ ಅಂದರೆ ಕಪಟ ಗೊತ್ತಿಲ್ಲದವನು, ಕಪಟ ಗೊತ್ತಿಲ್ಲದವನನ್ನು ಕಂಡರೆ ಅಯ್ಯೋ ಅನಿಸುತ್ತೆ, ಅಯ್ಯೋ ಅನ್ನಿಸಿಕೊಳ್ಳುವವನು ಕೈಲಾಗದವನು, ಹೀಗೆ ಒಂದೊಂದೇ ಮೆಟ್ಟಿಲು ಇಳಿದು ಕೊನೆಗೆ ‘ಪೆದ್ದ’ನಲ್ಲಿ ಬಂದು ನಿಂತಿತು. ನಗಬೇಡಿ, ನಮ್ಮಲ್ಲೂ ಒಬ್ಬನನ್ನು "ಪಾಪದವನು" ಅಂದರೆ ಪಾಪ ಮಾಡಿದವನು ಅಂತ ಯಾರೂ ತಿಳಿಯಲ್ಲ, ಅಲ್ವಾ? ‘ಮುಗ್ಧ’ ಅನ್ನುವ ಪದ ಇದಕ್ಕೆ ಉಲ್ಟಾ ದಾರಿ ಹಿಡಿದಿದೆ. ಸಂಸ್ಕೃತದಲ್ಲಿ ಅದಕ್ಕೆ ದಿಕ್ಕು ತೋಚದವನು, ದಡ್ಡ ಅನ್ನುವ ಅರ್ಥವೂ ಇದೆ. ಈಗ ನಾವು ಮಗುವಿನ ನಗುವಿಗೆ ಮುಗ್ಧ ಅಂತೀವಿ.

ಇಂಥವು ಬೇಕಾದಷ್ಟಿವೆ. ‘ನೈಸ್’ ಹುಟ್ಟಿದ್ದು ‘ಏನೂ ಗೊತ್ತಿಲ್ಲದವನು’ ಅನ್ನುವ ಲ್ಯಾಟಿನ್ ಪದದಿಂದ, ಇಂಗ್ಲಿಷಿಗೆ ಬಂದಾಗ ಅದು ಬೈಗುಳ. ‘ಗರ್ಲ್’ ಅಂದರೆ ಒಂದು ಕಾಲಕ್ಕೆ ಗಂಡಾಗಲಿ ಹೆಣ್ಣಾಗಲಿ, ಚಿಕ್ಕವರು. ‘ಮೀಟ್’, ಅಂದರೆ ಮಾಂಸ, ಆಗ ಯಾವ ಊಟವಾದರೂ ಸರಿ. ‘ಡಿಯರ್’, ಅಂದರೆ ಜಿಂಕೆ, ಮೊದಲು ಯಾವ ಪ್ರಾಣಿಗಾದರೂ ಸಲ್ಲುತ್ತಿತ್ತು. ನಮ್ಮ ‘ಮೃಗ’ದ ಕಥೆಯೂ ಇದೇ ಥರ, ಸಂಸ್ಕೃತದಲ್ಲಿ ಅದು ಪ್ರಾಣಿಯೂ ಹೌದು, ಜಿಂಕೆಯೂ ಹೌದು. ನನಗೆ ಜಾಸ್ತಿ ಇಷ್ಟವಾದದ್ದು ‘ಸ್ಟಿಂಕ್’. ಹಳೇ ಇಂಗ್ಲಿಷಿನಲ್ಲಿ ಹೂವೂ ‘ಸ್ಟಿಂಕ್’ ಆಗಬಹುದಿತ್ತು, ಏಕೆಂದರೆ ಆಗ ಅದಕ್ಕೆ ಬರೀ ವಾಸನೆ ಬೀರು ಅಂತ ಅರ್ಥ. ಹಳಗನ್ನಡದ ‘ನಾಱು’ ಕೂಡ ಹಾಗೆಯೇ. ಈಗ ಯಾರಿಗಾದರೂ "ನಿಮ್ಮ ಮಲ್ಲಿಗೆ ನಾರುತ್ತಿದೆ" ಅಂದು ನೋಡಿ!

ತಮಾಷೆ ಏನೆಂದರೆ, ಇಂಗ್ಲಿಷಿನ ಮೊದಮೊದಲ ಡಿಕ್ಷನರಿಗಳಿಗೆ ಇಂಥ ದಿನಬಳಕೆಯ ಮಾತುಗಳೇ ಬೇಕಿರಲಿಲ್ಲ. 1604ರಲ್ಲಿ ರಾಬರ್ಟ್ ಕಾಡ್ರಿ ಅನ್ನುವ ಮೇಷ್ಟ್ರು ತಂದ ಪುಸ್ತಕವನ್ನು ಇಂಗ್ಲಿಷಿಗೆ ಇಂಗ್ಲಿಷಿನಲ್ಲೇ ಅರ್ಥ ಹೇಳಿದ ಮೊದಲ ಡಿಕ್ಷನರಿ ಅಂತಾರೆ. ಅದರಲ್ಲಿ ಇದ್ದದ್ದು ಸುಮಾರು 2,500 ಪದ, ಹೆಚ್ಚಿನವು ಲ್ಯಾಟಿನ್, ಗ್ರೀಕ್, ಫ್ರೆಂಚಿನಿಂದ ಬಂದ ‘ಕಷ್ಟದ ಪದ’ಗಳು. ಹೆಂಗಸರಿಗೆ ಮತ್ತು ಓದು ಕಮ್ಮಿ ಇರುವವರಿಗೆ ಅಂತ ಮುಖಪುಟದಲ್ಲೇ ಹಾಕಿದ್ದ. ಆ ಮೊದಲ ಮುದ್ರಣದ ಒಂದೇ ಒಂದು ಪ್ರತಿ ಆಕ್ಸ್‌ಫರ್ಡಿನ ಬಾಡ್ಲಿಯನ್ ಲೈಬ್ರರಿಯಲ್ಲಿ ಉಳಿದಿದೆ. ಮುಂದೆ 1721ರಲ್ಲಿ ನೇಥನ್ ಬೇಯ್ಲಿ ಸಾಮಾನ್ಯ ಪದಗಳನ್ನೂ ಸೇರಿಸಿದ, ಆದರೆ ಕುದುರೆಯಂಥದ್ದು ಬಂದಾಗ ‘ಎಲ್ಲರಿಗೂ ಗೊತ್ತಿರುವ ಪ್ರಾಣಿ’ ಅಂತ ಬರೆದು ಕೈ ತೊಳೆದುಕೊಂಡ.

ಆಮೇಲೆ ಬಂದವನು ಸ್ಯಾಮುಯೆಲ್ ಜಾನ್ಸನ್. 1746ರಲ್ಲಿ ಲಂಡನ್ನಿನ ಪುಸ್ತಕ ವ್ಯಾಪಾರಿಗಳು ಡಿಕ್ಷನರಿ ಬರೆದುಕೊಡು ಅಂತ 1,500 ಗಿನಿಗೆ, ಅಂದರೆ ಆಗಿನ ಚಿನ್ನದ ನಾಣ್ಯಕ್ಕೆ, ಅವನ ಜೊತೆ ಒಪ್ಪಂದ ಮಾಡಿಕೊಂಡರು. ಫ್ರಾನ್ಸಿನ ಅಕಾಡೆಮಿಯ 40 ಜನ ಇದೇ ಕೆಲಸಕ್ಕೆ 40 ವರ್ಷ ತಗೊಂಡಿದ್ದಾರಲ್ಲ ಅಂತ ಯಾರೋ ಕೇಳಿದಾಗ, ನಾನೊಬ್ಬನೇ 3 ವರ್ಷದಲ್ಲಿ ಮುಗಿಸ್ತೀನಿ, ಒಬ್ಬ ಇಂಗ್ಲಿಷಿನವನಿಗೂ ಫ್ರೆಂಚಿನವನಿಗೂ ಇರುವ ಅಂತರ ಅಷ್ಟೇ ಅಂದನಂತೆ. ಹಿಡಿದದ್ದು ಒಂಬತ್ತು ವರ್ಷ. ಲಂಡನ್ನಿನ ಗಫ್ ಸ್ಕ್ವೇರ್‌ನಲ್ಲಿದ್ದ ಅವನ ಮನೆಯ ಅಟ್ಟದಲ್ಲಿ ಆರು ಜನ ಗುಮಾಸ್ತರು. ಇವನು ಸಿಕ್ಕಿದ ಪುಸ್ತಕವನ್ನೆಲ್ಲ ಓದುತ್ತಾ ಪದದ ಕೆಳಗೆ ಪೆನ್ಸಿಲ್ ಗೆರೆ ಎಳೆದು ಕೊಡೋದು, ಅವರು ಆ ಸಾಲನ್ನು ಚೀಟಿಗೆ ಇಳಿಸೋದು. 1755ರಲ್ಲಿ ಎರಡು ದಪ್ಪ ಸಂಪುಟ ಬಂತು. ಸುಮಾರು 42,000 ಪದ, ಒಂದು ಲಕ್ಷಕ್ಕೂ ಜಾಸ್ತಿ ಉದಾಹರಣೆ.

ಅರ್ಥ ಬರೆಯುವಾಗ ಜಾನ್ಸನ್ ಸುಮ್ನೆ ಇರುವ ಆಸಾಮಿ ಅಲ್ಲ. ಓಟ್ಸ್ ಅಂದರೆ ಇಂಗ್ಲೆಂಡಿನಲ್ಲಿ ಕುದುರೆಗೆ ಹಾಕುವ, ಸ್ಕಾಟ್ಲೆಂಡಿನಲ್ಲಿ ಜನ ತಿಂದು ಬದುಕುವ ಧಾನ್ಯ ಅಂತ ಬರೆದ. ಅವನ ಗುಮಾಸ್ತರಲ್ಲಿ ಐದು ಜನ ಸ್ಕಾಟ್ಲೆಂಡಿನವರೇ! ಕುದುರೆಯ ಗೊರಸಿನ ಮೇಲಿನ ಭಾಗದ ಹೆಸರಿಗೆ ‘ಮೊಣಕಾಲು’ ಅಂತ ತಪ್ಪು ಅರ್ಥ ಕೊಟ್ಟಿದ್ದ. ಯಾಕೆ ಹೀಗೆ ಅಂತ ಒಬ್ಬ ಹೆಂಗಸು ಕೇಳಿದ್ದಕ್ಕೆ, "ಗೊತ್ತಿರಲಿಲ್ಲ ತಾಯಿ, ಅಷ್ಟೇ" ಅನ್ನುವ ಅರ್ಥದ ಉತ್ತರ ಕೊಟ್ಟ.

ಆದರೆ ಅವನ ದೊಡ್ಡ ಒಪ್ಪಿಗೆ ಮುನ್ನುಡಿಯಲ್ಲಿದೆ. ಭಾಷೆ ಕೆಡದಂತೆ ಕಟ್ಟಿಹಾಕಬೇಕು ಅಂತ ಹೊರಟವನು, ಕೆಲಸ ಮುಗಿಯುವ ಹೊತ್ತಿಗೆ ಅದು ಆಗದ ಮಾತು ಅಂತ ಬರೆದ. ಮನುಷ್ಯರು ಮುದುಕರಾಗಿ ಸಾಯೋದನ್ನು ನೋಡುತ್ತಲೇ ಇರುವ ನಾವು, ಸಾವೇ ಇಲ್ಲದ ಹಾಗೆ ಮಾಡುವ ಔಷಧಿ ಮಾರುವವನನ್ನು ಕಂಡು ನಗುತ್ತೇವೆ. ಪದಗಳು ಬದಲಾಗದಂತೆ ಕಾಯ್ತೀನಿ ಅನ್ನುವ ನಿಘಂಟುಕಾರನನ್ನು ಕಂಡೂ ಹಾಗೇ ನಗಬೇಕು ಅನ್ನೋದು ಅವನ ವಾದ.

1857ರಲ್ಲಿ ರಿಚರ್ಡ್ ಟ್ರೆಂಚ್ ಅನ್ನುವ ಪಾದ್ರಿ ಇದನ್ನು ಇನ್ನೂ ಮುಂದೆ ತಗೊಂಡು ಹೋದ. ಡಿಕ್ಷನರಿ ಬರೆಯುವವನು ಇತಿಹಾಸಕಾರ, ಇದು ಒಳ್ಳೇ ಪದ, ಅದು ಕೆಟ್ಟ ಪದ ಅಂತ ಆರಿಸೋದು ಅವನ ಕೆಲಸವಲ್ಲ ಅಂದ. ಆ ಮಾತಿನಿಂದ ಹುಟ್ಟಿದ್ದೇ ಆಕ್ಸ್‌ಫರ್ಡ್ ಡಿಕ್ಷನರಿ. ಹತ್ತು ವರ್ಷದಲ್ಲಿ ಮುಗಿಸುವ ಲೆಕ್ಕ ಹಾಕಿ 1879ರಲ್ಲಿ ಜೇಮ್ಸ್ ಮರ‍್ರೆಯ ಕೈಗೆ ಕೊಟ್ಟರು. ಐದು ವರ್ಷ ಕಳೆದಾಗ ಅಚ್ಚಾಗಿದ್ದದ್ದು ‘ಆಂಟ್’, ಅಂದರೆ ಇರುವೆಯವರೆಗೆ ಮಾತ್ರ. ಪೂರ್ತಿ ಆಗಿದ್ದು 1928ರಲ್ಲಿ, ಮರ‍್ರೆ ತೀರಿಕೊಂಡು 13 ವರ್ಷದ ಮೇಲೆ. ಪ್ರತಿ ಪದಕ್ಕೂ ಯಾವ ವರ್ಷ ಯಾರು ಹೇಗೆ ಬಳಸಿದರು ಅನ್ನುವ ಸಾಲುಗಳಿವೆ. ‘ಸಿಲ್ಲಿ’ ಇಳಿದ ಮೆಟ್ಟಿಲುಗಳು ನಮಗೆ ಕಾಣೋದು ಅದರಿಂದಲೇ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲೂ ಹೀಗೆ ಹಳೇ ಸಾಲುಗಳನ್ನು ಕೊಟ್ಟಿದ್ದಾರೆ, ಒಮ್ಮೆ ತಿರುವಿ ಹಾಕಿ.

ಇಷ್ಟೆಲ್ಲ ಆದ ಮೇಲೂ 1934ರ ವೆಬ್‌ಸ್ಟರ್ ಡಿಕ್ಷನರಿಯಲ್ಲಿ ‘ಡಾರ್ಡ್’ ಅನ್ನುವ ಪದ ಅಚ್ಚಾಯಿತು, ಅರ್ಥ ‘ಸಾಂದ್ರತೆ’. ಅಸಲಿಗೆ ಅದೊಂದು ಪದವೇ ಅಲ್ಲ. ಸಾಂದ್ರತೆಯನ್ನು ಚಿಕ್ಕದಾಗಿ ಬರೆಯೋಕೆ ದೊಡ್ಡ ‘ಡಿ’ ಆರ್ ಚಿಕ್ಕ ‘ಡಿ’, ಅಂದರೆ ಎರಡರಲ್ಲಿ ಯಾವುದಾದರೂ ಬಳಸಬಹುದು ಅಂತ ಒಂದು ಚೀಟಿಯಲ್ಲಿ ಬರೆದಿತ್ತು, ಯಾರೋ ಅದನ್ನು ಕೂಡಿಸಿ ಓದಿಬಿಟ್ಟಿದ್ದರು. ಈ ಪದ ಎಲ್ಲಿಂದ ಬಂತು ಅನ್ನೋದೇ ಬರೆದಿಲ್ಲವಲ್ಲ ಅಂತ 1939ರಲ್ಲಿ ಸಂಪಾದಕರೊಬ್ಬರ ಕಣ್ಣಿಗೆ ಬೀಳುವವರೆಗೆ, ಐದು ವರ್ಷ ಅದು ಅಲ್ಲೇ ಆರಾಮಾಗಿ ಕೂತಿತ್ತು.