ಕಣ್ಣು ಮಿಟುಕಿಸುವುದು ನಿಂತರೆ ಪಾಠದ ಮೇಲೆ ಗಮನ ಬರುತ್ತದೆಯೇ?

ಪ್ರಶ್ನೆ: ನನ್ನ ಮಗನಿಗೆ 10 ವರ್ಷ, ಐದನೇ ಕ್ಲಾಸು. ಮೂರು ವರ್ಷದಿಂದ ಪಿಳಿಪಿಳಿ ಅಂತ ಕಣ್ಣು ಮಿಟುಕಿಸುತ್ತಾನೆ. ಈಚೆಗೆ ಹೆಗಲು ಹಾರಿಸುವುದು, ಗಂಟಲು ಕೆರೆದು ಸದ್ದು ಮಾಡುವುದೂ ಸೇರಿಕೊಂಡಿದೆ. ಕಣ್ಣಿನ ಡಾಕ್ಟರು ಕಣ್ಣು ಚೆನ್ನಾಗಿದೆ ಎಂದರು. ಅತ್ತೆ ದೃಷ್ಟಿ ತೆಗೆದರು, ತಾಯಿತವನ್ನೂ ಕಟ್ಟಿಸಿದರು. ‘ಹಾಗೆ ಮಾಡಬೇಡ’ ಎಂದರೆ ಐದು ನಿಮಿಷ ಸುಮ್ಮನಿರುತ್ತಾನೆ, ಆಮೇಲೆ ಮತ್ತೆ ಶುರು. ನಿಲ್ಲಿಸಲು ಬರುತ್ತದೆ ಎಂದಮೇಲೆ ಬೇಕೆಂದೇ ಮಾಡುತ್ತಾನೆ ಎಂದಲ್ಲವೇ? ಪಾಠದಲ್ಲಂತೂ ಗಮನವೇ ಇಲ್ಲ. ಹೇಳಿದ್ದು ಮರೆಯುತ್ತಾನೆ, ನೋಟ್ಸ್ ಅರ್ಧಕ್ಕೆ ಬಿಡುತ್ತಾನೆ. ಆದರೆ ಮೊಬೈಲ್ ಆಟಕ್ಕೆ ಎರಡು ಗಂಟೆ ಕೂರುತ್ತಾನೆ. ಈ ಚೇಷ್ಟೆ ಬಿಟ್ಟರೆ ಗಮನ ತಾನಾಗಿ ಬರುತ್ತದೆಯೇ?
– ಹಾಸನ ಜಿಲ್ಲೆಯ ಒಬ್ಬ ತಾಯಿ

ಉತ್ತರ: ಇದೇ ಪ್ರಶ್ನೆಯನ್ನು ಬೇರೆ ಬೇರೆ ಊರಿನ ತಂದೆತಾಯಿ ಕೇಳುತ್ತಲೇ ಇರುತ್ತಾರೆ. ಬಹುತೇಕ ಎಲ್ಲರೂ ನಿಮ್ಮ ಹಾಗೆಯೇ ಎರಡನ್ನೂ ಒಂದೇ ದಾರಕ್ಕೆ ಕಟ್ಟುತ್ತಾರೆ: ಚೇಷ್ಟೆ ನಿಂತರೆ ಓದು ಬಂದೀತು ಎಂದು. ನೇರವಾಗಿ ಹೇಳುತ್ತೇನೆ, ನಿಮ್ಮ ಮಗ ಬೇಕೆಂದು ಮಾಡುತ್ತಿಲ್ಲ. ಮಿಟುಕಿಸುವುದು ನಿಂತ ಮಾತ್ರಕ್ಕೆ ಗಮನ ಬರುವುದೂ ಇಲ್ಲ. ಅಷ್ಟೇ ಅಲ್ಲ, ‘ನಿಲ್ಲಿಸು’ ಎಂದು ಹೇಳಿದಷ್ಟೂ ಅವನ ಗಮನ ಇನ್ನಷ್ಟು ಸೋರಿಹೋಗುತ್ತಿರಬಹುದು.

ನೀವು ಬರೆದ ಚಲನೆಗಳಿಗೆ ವೈದ್ಯರು ಟಿಕ್ ಎನ್ನುತ್ತಾರೆ. ದೇಹದ ಹಲವು ಟಿಕ್‌ಗಳು, ಜೊತೆಗೆ ಸದ್ದಿನ ಒಂದಾದರೂ ಟಿಕ್, 18 ವರ್ಷಕ್ಕೆ ಮುಂಚೆ ಶುರುವಾಗಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಉಳಿದರೆ ಅದು ಟೂರೆಟ್ ಸಿಂಡ್ರೋಮ್. 1885ರಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿದ್ದ ಜಾರ್ಜ್ ಜಿಲ್ ದ ಲಾ ಟೂರೆಟ್ ಎಂಬ ವೈದ್ಯರು ಇಂಥ 9 ಜನರ ಬಗ್ಗೆ ಬರೆದರು, ಹೆಸರು ಅವರಿಂದ ಬಂತು. ಟೂರೆಟ್ ಎಂದರೆ ಕೆಟ್ಟ ಮಾತು ಕೂಗುವ ಕಾಯಿಲೆ ಎಂದು ಸಿನಿಮಾ, ವಿಡಿಯೋ ನೋಡಿದವರು ಹೆದರುತ್ತಾರೆ. ಹೆಚ್ಚಿನ ಮಕ್ಕಳಲ್ಲಿ ಅದು ಇರುವುದೇ ಇಲ್ಲ. ನಿಮ್ಮ ಮಗನಿಗೆ ಇರುವುದು ಇದೇನಾ ಎಂಬುದನ್ನು ಅವನನ್ನು ನೋಡಿದ ವೈದ್ಯರೇ ಹೇಳಬೇಕು. ಕಣ್ಣಿನ ಡಾಕ್ಟರ ಬಳಿ ಹೋಗಿದ್ದು ಮಾತ್ರ ಸರಿಯಾದ ಮೊದಲ ಹೆಜ್ಜೆ.

ಇನ್ನು, ಐದು ನಿಮಿಷ ನಿಲ್ಲಿಸಲು ಹೇಗೆ ಬರುತ್ತದೆ? ಒಂದು ಕೆಲಸ ಮಾಡಿ. ಇಲ್ಲಿಂದ ಈ ಪ್ಯಾರಾದ ಕೊನೆಯವರೆಗೆ ಕಣ್ಣು ಮಿಟುಕಿಸದೆ ಓದಿ. ಮೊದಲ ಸಾಲು ಸಲೀಸು. ಎರಡನೆಯದಕ್ಕೆ ಕಣ್ಣು ಉರಿಯತೊಡಗುತ್ತದೆ. ಮೂರನೆಯದಕ್ಕೆ ಬರುವಾಗ ನೀವು ಓದುತ್ತಿರುವುದು ಅಕ್ಷರವನ್ನಲ್ಲ, ಕಣ್ಣನ್ನೇ ಕಾಯುತ್ತಿದ್ದೀರಿ. ಟಿಕ್ ಬರುವ ಮುಂಚೆ ಹೆಚ್ಚಿನ ಮಕ್ಕಳಿಗೆ, ಅದರಲ್ಲೂ ಸ್ವಲ್ಪ ದೊಡ್ಡವರಾದವರಿಗೆ, ಇಂಥದೇ ಒಂದು ಒತ್ತಡ ಗೊತ್ತಾಗುತ್ತದೆ. ಸೀನು ಬರುವ ಮೊದಲು ಮೂಗಿನಲ್ಲಿ ಆಗುವ ಹಾಗೆ, ನವೆ ಎದ್ದ ಹಾಗೆ. ಹೆಗಲು ಹಾರಿಸಿದರೆ ಕ್ಷಣಕಾಲ ಶಮನ. ತಡೆಹಿಡಿಯಬಹುದು, ಆದರೆ ಹಿಡಿದಷ್ಟು ಹೊತ್ತೂ ಮನಸ್ಸಿನ ಒಂದು ಭಾಗ ಆ ಕಾವಲಿನಲ್ಲೇ ಇರಬೇಕು.

ಟಿಕ್ ಇರುವ ಮಕ್ಕಳಿಗೆ ಗಮನ ಬೇಡುವ ಒಂದು ಕೆಲಸ ಕೊಟ್ಟು, ಅದರ ಜೊತೆಗೇ ಟಿಕ್ ತಡೆಯಲು ಹೇಳಿದ ಒಂದು ಸಣ್ಣ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ತಡೆಹಿಡಿದ ಹೊತ್ತಿನಲ್ಲಿ ಮಕ್ಕಳು ಆ ಕೆಲಸದಲ್ಲಿ ಹೆಚ್ಚು ತಪ್ಪು ಮಾಡಿದರು. ಅಂದರೆ ‘ಸುಮ್ಮನೆ ಕೂತು ಪಾಠ ಕೇಳು’ ಎನ್ನುವ ಒಂದು ಮಾತಿನಲ್ಲಿ ಇಂಥ ಮಗುವಿಗೆ ಎರಡು ಕೆಲಸ ಹೇಳಿದ್ದೇವೆ. ಮೊದಲನೆಯದನ್ನು ಮಾಡಿದರೆ ಎರಡನೆಯದು ಕೈಬಿಡುತ್ತದೆ. ಕ್ಲಾಸಿನಲ್ಲಿ ಅಲುಗಾಡದೆ ಕೂತ ದಿನ ಮೇಷ್ಟ್ರು ‘ಇವತ್ತು ಒಳ್ಳೆ ಹುಡುಗ’ ಎನ್ನುತ್ತಾರೆ. ಆ ದಿನದ ಪಾಠದಲ್ಲಿ ಅವನಿಗೆ ಎಷ್ಟು ದಕ್ಕಿತು ಎಂದು ಯಾರೂ ಕೇಳುವುದಿಲ್ಲ.

ಆದರೆ ಮರೆವು, ಅರ್ಧಕ್ಕೆ ಬಿಟ್ಟ ನೋಟ್ಸು ಎಲ್ಲಕ್ಕೂ ಟಿಕ್ಕೇ ಕಾರಣ ಎಂದುಕೊಂಡರೂ ತಪ್ಪಾಗುತ್ತದೆ. ಈ ಉತ್ತರದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ. ಟೂರೆಟ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು, ಕೆಲವು ಲೆಕ್ಕಗಳ ಪ್ರಕಾರ ಅದಕ್ಕೂ ಹೆಚ್ಚು ಮಕ್ಕಳಿಗೆ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಸಮಸ್ಯೆಯೂ ಇರುತ್ತದೆ. ಎಷ್ಟೋ ಸಲ ಅದು ಟಿಕ್‌ಗಿಂತ ಎರಡು ಮೂರು ವರ್ಷ ಮೊದಲೇ ಬಂದಿರುತ್ತದೆ. ಟಿಕ್ ಮಾತ್ರ ಇರುವ ಮಕ್ಕಳನ್ನು ಪರೀಕ್ಷಿಸಿದರೆ ಗಮನ, ನೆನಪು, ಯೋಜನೆಯಂಥ ವಿಷಯಗಳಲ್ಲಿ ಅವರು ಉಳಿದ ಮಕ್ಕಳಿಗೆ ಹೆಚ್ಚುಕಡಿಮೆ ಸಮವಾಗಿಯೇ ಇರುತ್ತಾರೆ. ತೊಡಕು ಎದ್ದುಕಾಣುವುದು ಎಡಿಎಚ್‌ಡಿ ಜೊತೆಗೂಡಿದ ಮಕ್ಕಳಲ್ಲಿ. ಟಿಕ್ ಕಣ್ಣಿಗೆ ಬೀಳುತ್ತದೆ, ಹಾಗಾಗಿ ಅತ್ತೆ, ಮೇಷ್ಟ್ರು, ಬಸ್ಸಿನಲ್ಲಿ ಎದುರಿಗೆ ಕೂತವರು ಎಲ್ಲರೂ ಅದನ್ನೇ ಹಿಡಿದುಕೊಳ್ಳುತ್ತಾರೆ. ಓದನ್ನು ಕೆಡಿಸುವುದು ಕಣ್ಣಿಗೆ ಬೀಳದ ಇನ್ನೊಂದು.

ಆ ಇನ್ನೊಂದು ಏನು? ಪುಸ್ತಕದ ಭಾಷೆಯಲ್ಲಿ ಕಾರ್ಯನಿರ್ವಾಹಕ ಸಾಮರ್ಥ್ಯ, ಆಸ್ಪತ್ರೆಯ ಭಾಷೆಯಲ್ಲಿ ಎಕ್ಸಿಕ್ಯೂಟಿವ್ ಫಂಕ್ಷನ್. ಅಡುಗೆಮನೆಗೆ ಹೋದರೆ ಬೇಗ ಅರ್ಥವಾಗುತ್ತದೆ. ಯುಗಾದಿಗೆ ಒಬ್ಬಟ್ಟು ಮಾಡುವಾಗ ಬೇಳೆ ಬೇಯುತ್ತಿರುವಾಗಲೇ ಕಣಕ ಕಲಸಿ ಎಣ್ಣೆ ಹಾಕಿ ನೆನೆಯಲು ಬಿಡುತ್ತೀರಿ. ಕಟ್ಟು ಬಸಿದು ಸಾರಿಗೆ ಎತ್ತಿಡುತ್ತೀರಿ. ನಡುವೆ ಫೋನು ಬಂದರೂ ಬೆಲ್ಲದ ಪಾಕ ತಲೆಯಲ್ಲಿರುತ್ತದೆ. ಹೂರಣ ತೆಳ್ಳಗಾಯಿತು ಎಂದರೆ ಅಂದುಕೊಂಡದ್ದನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತೀರಿ. ಇಲ್ಲಿ ಕೈರುಚಿ ಬೇರೆ, ಈ ನಿಭಾವಣೆ ಬೇರೆ. ಬುದ್ಧಿಯೂ ಹಾಗೇ. ನಿಮ್ಮ ಮಗನಿಗೆ ಕೈರುಚಿ ಇದೆ, ನಿಭಾಯಿಸುವುದು ಕಷ್ಟ.

ಬೆಳಿಗ್ಗೆ ‘ಸಾಕ್ಸ್ ಹಾಕ್ಕೊ, ಬಾಟಲಿಗೆ ನೀರು ತುಂಬಿಸ್ಕೊ, ಅಪ್ಪನ ಹತ್ರ ಡೈರಿಗೆ ಸೈನ್ ಹಾಕಿಸ್ಕೊಂಡು ಬಾ’ ಎಂದು ಕಳಿಸಿದರೆ, ಒಂದು ಕಾಲಿಗೆ ಸಾಕ್ಸ್ ಏರಿಸಿ ಜಗಲಿಯಲ್ಲಿ ಬೆಕ್ಕಿನ ಜೊತೆ ಕೂತಿರುತ್ತಾನಲ್ಲ, ಅದು ಸೋಮಾರಿತನವಲ್ಲ. ಹೇಳಿದ್ದನ್ನು ಕೆಲಸ ಮುಗಿಯುವವರೆಗೆ ಹಿಡಿದಿಡುವ ಒಂದು ಸ್ಲೇಟು ಎಲ್ಲರ ತಲೆಯಲ್ಲೂ ಇದೆ. ಅವನ ಸ್ಲೇಟು ಚಿಕ್ಕದು, ಹೊಸದೊಂದು ಕಂಡರೆ ಹಳೆಯದು ಅಳಿಸಿಹೋಗುತ್ತದೆ. ಕಳೆಯುವ ಲೆಕ್ಕದಲ್ಲಿ ದಶಕದಿಂದ ಒಂದು ತೆಗೆದುಕೊಂಡು ಅದನ್ನು ಬಿಡಿಗೆ ಸೇರಿಸುವಷ್ಟರಲ್ಲಿ, ತೆಗೆದದ್ದೇ ಮರೆತಿರುತ್ತದೆ. ಲೆಕ್ಕ ಬರುವುದಿಲ್ಲ ಎಂದಲ್ಲ, ನಡುದಾರಿಯಲ್ಲಿ ಕಳೆದುಹೋಯಿತು. ಬೋರ್ಡ್ ನೋಡಿ ಬರೆಯುವುದಂತೂ ಇಂಥ ಮಕ್ಕಳಿಗೆ ಬಲು ಕಷ್ಟ. ತಲೆಯೆತ್ತಿ ಓದಬೇಕು, ನೆನಪಿಡಬೇಕು, ತಲೆ ತಗ್ಗಿಸಿ ಬರೆಯಬೇಕು, ಮತ್ತೆ ತಲೆಯೆತ್ತಿ ಬಿಟ್ಟ ಜಾಗ ಹುಡುಕಬೇಕು. ಈ ನಡುವೆ ಕಣ್ಣು ಹತ್ತು ಸಲ ಮುಚ್ಚಿಕೊಂಡರೆ? ಅವನ ನೋಟ್ಸ್ ಏಕೆ ಅರ್ಧಕ್ಕೆ ನಿಂತಿದೆ ಎಂದು ನೀವೇ ಊಹಿಸಿ.

ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನಗೆ ಬಹಳ ಸಹಾಯ ಮಾಡಿದೆ. ಎಡಿಎಚ್‌ಡಿ ಇರುವ 223 ಮಕ್ಕಳ ಮತ್ತು ಇಲ್ಲದ ಅಷ್ಟೇ ಮಕ್ಕಳ ಮೆದುಳಿನ ಸ್ಕ್ಯಾನ್‌ಗಳನ್ನು ಅವರು ಹೋಲಿಸಿದರು. ಮೆದುಳಿನ ಹೊರಪದರದ ಅರ್ಧ ಭಾಗ ತನ್ನ ಪೂರ್ಣ ದಪ್ಪ ಮುಟ್ಟುವ ವಯಸ್ಸು ಉಳಿದ ಮಕ್ಕಳಲ್ಲಿ ಸುಮಾರು 7.5, ಎಡಿಎಚ್‌ಡಿ ಮಕ್ಕಳಲ್ಲಿ ಸುಮಾರು 10.5. ಬೆಳೆಯುವ ಕ್ರಮ ಅದೇ, ನಡಿಗೆ ನಿಧಾನ. ಹೆಚ್ಚು ತಡವಾಗಿದ್ದು ಹಣೆಯ ಹಿಂದಿನ ಭಾಗದಲ್ಲಿ, ನಾನು ಮೇಲೆ ಹೇಳಿದ ನಿಭಾವಣೆಯಲ್ಲಿ ದೊಡ್ಡ ಪಾತ್ರ ಇರುವ ಜಾಗದಲ್ಲಿ. ಇದು ಸರಾಸರಿ, ನಿಮ್ಮ ಮಗನ ಅಳತೆಯಲ್ಲ. ಆದರೂ ಬ್ಯಾಗ್ ಜೋಡಿಸುವುದು, ಹೊತ್ತಿಗೆ ಸರಿಯಾಗಿ ಹೊರಡುವುದು, ಕೋಪ ತಡೆಯುವುದು ಬಂದಾಗ ಅವನನ್ನು 7 ವರ್ಷದ ಹುಡುಗನೆಂದು ತಿಳಿದು ಜೊತೆಗೆ ನಿಲ್ಲಿ ಎಂದು ನಾನು ಹೇಳುತ್ತೇನೆ. ಮಾತನಾಡುವಾಗ, ಕಥೆ ಹೇಳುವಾಗ, ವಿಷಯ ಚರ್ಚಿಸುವಾಗ ಅವನು ಪೂರ್ತಿ 10 ವರ್ಷದವನೇ. ಇವೆರಡನ್ನೂ ಒಟ್ಟಿಗೆ ನೆನಪಿಡುವುದು ಸುಲಭವಲ್ಲ, ಬಲ್ಲೆ.

ಹಾಗಾದರೆ ಮೊಬೈಲಿಗೆ ಎರಡು ಗಂಟೆ ಎಲ್ಲಿಂದ ಬಂತು? ಗಮನ ಎನ್ನುವುದನ್ನು ಕೆರೆಯ ನೀರು ಎಂದುಕೊಳ್ಳಿ. ನಿಮ್ಮ ಮಗನ ಕೆರೆ ಬತ್ತಿಲ್ಲ, ತೂಬು ಅವನ ಕೈಗೆ ಸಿಗುತ್ತಿಲ್ಲ. ಆಟದಲ್ಲಿ ಕ್ಷಣಕ್ಕೊಂದು ಬಣ್ಣ, ಸದ್ದು, ಗೆಲುವು. ಮುಂದೇನು ಮಾಡಬೇಕು ಎಂದು ಪರದೆಯೇ ತೋರಿಸುತ್ತದೆ, ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ. ಅಲ್ಲಿ ತೂಬು ತೆರೆಯುವುದು ಆಟ, ಹುಡುಗನಲ್ಲ. ಪಾಠದಲ್ಲಿ ಅವನೇ ತೆರೆಯಬೇಕು, ಫಲ ಸಿಗುವುದು ಪರೀಕ್ಷೆ ಮುಗಿದು ತಿಂಗಳಾದ ಮೇಲೆ. ಆದ್ದರಿಂದ ‘ಮೊಬೈಲಿಗೆ ಬರುತ್ತೆ, ಓದಕ್ಕೆ ಬರಲ್ವಾ’ ಎಂಬ ಮಾತನ್ನು ದಯವಿಟ್ಟು ಇಂದಿನಿಂದ ಬಿಡಿ. ಎರಡು ಗಂಟೆ ಬೇಕಿಲ್ಲ, ಅದನ್ನು ಕಡಿಮೆ ಮಾಡಿ. ಆದರೆ ನಡುವೆ ಕಸಿಯಬೇಡಿ. ಒಂದರಿಂದ ಇನ್ನೊಂದಕ್ಕೆ ಹೊರಳುವುದೂ ಇದೇ ಸಾಮರ್ಥ್ಯದ ಕೆಲಸ. ಹತ್ತು ನಿಮಿಷ ಮುಂಚೆ ಒಮ್ಮೆ, ಎರಡು ನಿಮಿಷ ಮುಂಚೆ ಒಮ್ಮೆ ಹೇಳಿ, ಒಂದು ಹಂತ ಮುಗಿದಾಗ ನಿಲ್ಲಿಸಿ.

ಮನೆಯಲ್ಲಿ ಮೊದಲು ಮಾಡಬೇಕಾದ್ದು ಒಂದನ್ನು ಬಿಡುವುದು. ಟಿಕ್ ಕಂಡರೆ ಯಾರೂ ಏನೂ ಹೇಳಬಾರದು, ಕಣ್ಸನ್ನೆಯೂ ಬೇಡ. ಅತ್ತೆಯವರಿಗೆ ‘ಸೀನಿದರೆ ಬೈತೀವಾ ಅತ್ತೆ, ಇದೂ ಹಾಗೇ’ ಎಂದು ಹೇಳಿ ನೋಡಿ. ತಾಯಿತದ ಬಗ್ಗೆ ಜಗಳ ಬೇಡ, ಅದರ ಜೊತೆಗೆ ಆಸ್ಪತ್ರೆಗೂ ಹೋದರಾಯಿತು. ಆಮೇಲೆ ತಲೆಯೊಳಗಿನ ಸ್ಲೇಟನ್ನು ಹೊರಗೆ ತನ್ನಿ: ಬಾಗಿಲ ಪಕ್ಕ ಒಂದು ಕಪ್ಪುಹಲಗೆ, ಬೆಳಗಿನ ನಾಲ್ಕೇ ಕೆಲಸ, ಮುಗಿದದ್ದನ್ನು ಅವನೇ ಅಳಿಸಲಿ. ಅಡುಗೆಮನೆಯಿಂದ ಕೂಗುವ ಬದಲು ಹತ್ತಿರ ಹೋಗಿ ಒಂದು ಮಾತು ಹೇಳಿ, ಅದನ್ನು ಅವನ ಬಾಯಲ್ಲಿ ಹೇಳಿಸಿ. ಹೋಂವರ್ಕ್ 15 ನಿಮಿಷ, ಎದ್ದು ಓಡಾಟ, ಮತ್ತೆ 15 ನಿಮಿಷ. ಮಗ್ಗಿಯನ್ನು ನಡೆದಾಡುತ್ತಾ ಹೇಳಿದರೆ ತಪ್ಪೇನು? ಮೆಚ್ಚುಗೆಯನ್ನು ಆಗಲೇ ಹೇಳಿ, ಸಂಜೆಗೆ ಉಳಿಸಬೇಡಿ.

ಶಾಲೆಗೆ ಹೋಗಿ ಮೇಷ್ಟ್ರನ್ನು ಒಬ್ಬರೇ ಇರುವಾಗ ಕಾಣಿ. ಹೀಗೆ ಹೇಳಬಹುದು: ‘ಇದು ಅವನ ಕೈಯಲ್ಲಿಲ್ಲ ಸಾರ್. ಎಲ್ಲರ ಮುಂದೆ ಹೇಳಿದರೆ ಜಾಸ್ತಿಯಾಗುತ್ತೆ. ಕಾಣದ ಹಾಗೆ ಇದ್ದುಬಿಡಿ.’ ಮುಂದಿನ ಬೆಂಚಿನ ನಟ್ಟನಡುವೆ ಕೂರಿಸಿದರೆ ಇಡೀ ಕ್ಲಾಸಿನ ಕಣ್ಣು ಅವನ ಬೆನ್ನ ಮೇಲೆ. ಮುಂದೆಯೇ, ಆದರೆ ಗೋಡೆ ಬದಿಗೆ ಇರಲಿ. ಬೋರ್ಡ್ ಮೇಲಿನದನ್ನು ಪೂರ್ತಿ ಬರೆಸುವ ಬದಲು ಗೆಳೆಯನ ನೋಟ್ಸಿನ ಜೆರಾಕ್ಸ್ ಕೊಡಲಿ. ಹತ್ತು ಲೆಕ್ಕದ ಬದಲು ಐದು, ಅದೂ ಚೌಕಳಿ ಪುಸ್ತಕದಲ್ಲಿ. ಚಾಕ್‌ಪೀಸ್ ತರಲು ಆಗಾಗ ಆಫೀಸ್ ರೂಮಿಗೆ ಕಳಿಸಿದರೆ ಆ ಎರಡು ನಿಮಿಷದಲ್ಲಿ ಹಿಡಿದಿಟ್ಟ ಟಿಕ್‌ಗಳನ್ನು ಹೊರಹಾಕಿ ಹಗುರಾಗಿ ಬರುತ್ತಾನೆ.

ವೈದ್ಯರ ಬಳಿ ಹೋದಾಗ ಟಿಕ್ ಬಗ್ಗೆ ಮಾತ್ರ ಹೇಳಿ ಬರಬೇಡಿ. ಮರೆವು, ಅರ್ಧಕ್ಕೆ ನಿಂತ ನೋಟ್ಸು, ಕಳೆದುಹೋದ ಕಂಪಾಸು ಬಾಕ್ಸುಗಳ ಲೆಕ್ಕವನ್ನೂ ಹೇಳಿ, ಎರಡು ನೋಟ್‌ಬುಕ್ ಒಯ್ಯಿರಿ. ಎಡಿಎಚ್‌ಡಿ ಎನ್ನಲು ತೊಂದರೆ 12 ವರ್ಷಕ್ಕೆ ಮುಂಚೆ ಶುರುವಾಗಿರಬೇಕು, ಮನೆ ಮತ್ತು ಶಾಲೆ ಹೀಗೆ ಎರಡಾದರೂ ಕಡೆ ಕಾಣಬೇಕು. ಹಾಗಾಗಿ ಮೇಷ್ಟ್ರ ಮಾತೂ ಮುಖ್ಯ. ಕಿವಿ, ನಿದ್ದೆ, ಕಲಿಕೆಯ ತೊಂದರೆಗಳನ್ನೂ ನೋಡುತ್ತಾರೆ. ಒಂದು ವಿಷಯ ಎಚ್ಚರ: ಮಾತಾಡುತ್ತಾ ಇದ್ದಹಾಗೆ ಕೆಲವು ಸೆಕೆಂಡು ಶೂನ್ಯ ದಿಟ್ಟಿಸಿ, ಮುಟ್ಟಿದರೂ ಅರಿವಿಲ್ಲದಂತಿದ್ದು ಮತ್ತೆ ಎಂದಿನಂತಾಗುವುದು ಕಂಡಿದ್ದರೆ ಅದನ್ನು ಮೊದಲು ಹೇಳಿ, ಅದು ಒಂದು ಬಗೆಯ ಮೂರ್ಛೆರೋಗ ಇರಬಹುದು. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಿಂದ ಶುರುಮಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗವಿದೆ. ದೂರ ಹೋಗುವ ಮುಂಚೆ ಮಾತಾಡಬೇಕೆಂದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು.

ಔಷಧಿಯ ಬಗ್ಗೆ ನೀವು ಕೇಳಿಲ್ಲ, ಆದರೆ ಆ ಮಾತು ಬಂದೇ ಬರುತ್ತದೆ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್‌ನಿಂದ ಟಿಕ್ ಹೆಚ್ಚುತ್ತದೆ ಎಂಬ ಹೆದರಿಕೆ ಬಹಳ ಹಳೆಯದು. 2002ರಲ್ಲಿ, ಎರಡೂ ಇರುವ 136 ಮಕ್ಕಳ ಮೇಲಿನ ಅಧ್ಯಯನವೊಂದು ಹೊರಬಂತು. ಟಿಕ್ ಹೆಚ್ಚಾಯಿತು ಎಂದು ಕಂಡದ್ದು ಮೀಥೈಲ್‌ಫೆನಿಡೇಟ್ ತೆಗೆದುಕೊಂಡವರಲ್ಲಿ ಶೇ. 20 ಮಕ್ಕಳಲ್ಲಿ, ಬರೀ ಹುಸಿಗುಳಿಗೆ ತೆಗೆದುಕೊಂಡವರಲ್ಲಿ ಶೇ. 22 ಮಕ್ಕಳಲ್ಲಿ. ಟಿಕ್ ತಾನಾಗಿಯೇ ಏರಿಳಿಯುತ್ತದೆ, ಏರಿದಾಗ ನಾವು ಗುಳಿಗೆಯನ್ನು ದೂರುತ್ತೇವೆ. ಒಂದೊಂದು ಮಗುವಿನ ದೇಹ ಒಂದೊಂದು ರೀತಿ, ಆದ್ದರಿಂದ ವೈದ್ಯರು ನೋಡಿಕೊಂಡು ಕೊಡುತ್ತಾರೆ. ಕ್ಲೋನಿಡಿನ್, ಅಟೊಮೊಕ್ಸಿಟಿನ್ ಎಂಬ ಬೇರೆ ಔಷಧಿಗಳೂ ಇವೆ. ಟಿಕ್ ನಿಲ್ಲಿಸಲೆಂದೇ ಕೊಡುವ ಕೆಲವು ಔಷಧಿಗಳು ಮಂಪರು ತರುತ್ತವೆ, ಕ್ಲಾಸಿನಲ್ಲಿ ತೂಕಡಿಸುವ ಹುಡುಗನಿಗೆ ಗಮನ ಇನ್ನೂ ದೂರ. ಟಿಕ್ ಅವನಿಗೆ ನೋವು ಕೊಡುತ್ತಿದೆಯೇ, ನಮಗೆ ಮುಜುಗರ ತರುತ್ತಿದೆಯೇ ಎಂಬುದನ್ನು ಔಷಧಿಗೆ ಮೊದಲು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಔಷಧಿಯಿಲ್ಲದ ತರಬೇತಿಯೂ ಇದೆ: ಒತ್ತಡ ಬಂದದ್ದನ್ನು ಗುರುತಿಸಿ, ಗಂಟಲ ಸದ್ದಿನ ಬದಲು ನಿಧಾನವಾಗಿ ಮೂಗಿನಲ್ಲಿ ಉಸಿರಾಡುವಂಥ ಬದಲಿ ಕ್ರಿಯೆ ಕಲಿಸುತ್ತಾರೆ. 2010ರಲ್ಲಿ 126 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ 10 ವಾರಗಳ ಈ ತರಬೇತಿಯಿಂದ ಅರ್ಧಕ್ಕಿಂತ ತುಸು ಹೆಚ್ಚು ಮಕ್ಕಳಿಗೆ ಒಳ್ಳೆಯ ಸುಧಾರಣೆ ಕಂಡಿತು. ಅದು ‘ಮಾಡಬೇಡ’ ಎನ್ನುವುದಕ್ಕಿಂತ ಪೂರ್ತಿ ಬೇರೆ.

ದೊಡ್ಡವನಾದ ಮೇಲೆ ಏನಾಗುತ್ತದೆ? ಸಾಮಾನ್ಯವಾಗಿ ಟಿಕ್ ಅತಿ ಹೆಚ್ಚು ಕಾಣುವುದು 10ರಿಂದ 12ರ ವಯಸ್ಸಿನಲ್ಲಿ. ಹದಿಹರೆಯ ದಾಟುವಾಗ ಹೆಚ್ಚಿನವರಲ್ಲಿ ಕಡಿಮೆಯಾಗುತ್ತದೆ, ಕೆಲವರಲ್ಲಿ ಹೋಗಿಯೇಬಿಡುತ್ತದೆ. ಆದ್ದರಿಂದ ಮುಂದಿನ ಒಂದೆರಡು ವರ್ಷ ಇನ್ನಷ್ಟು ಕಂಡರೆ ಕೈಚೆಲ್ಲಬೇಡಿ. ಗಮನದ ತೊಂದರೆ ಅಷ್ಟು ಸುಲಭವಾಗಿ ತಾನಾಗಿ ಕರಗುವುದಿಲ್ಲ, ಹೈಸ್ಕೂಲಿಗೆ ಹೋದಾಗ ವಿಷಯ ಹೆಚ್ಚಿ, ಮೇಷ್ಟ್ರುಗಳು ಹೆಚ್ಚಿ, ಅದರ ಭಾರ ಏರುತ್ತದೆ. ಅವನು ಈಗ ಐದನೇ ಕ್ಲಾಸು. ಗಮನದ ಪರೀಕ್ಷೆಯನ್ನು ಈ ವರ್ಷವೇ ಮಾಡಿಸಿ.