ಲಕ್ವ ಹೊಡೆದ ಮೇಲೆ ಎಡಗೈ ಊಟ

ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದವರನ್ನು ಮಂಡ್ಯದ ಕಡೆ ಮೊದಲು ಕಾಡುವುದು ಊಟದ ತಟ್ಟೆ. ಎಡಗೈಲಿ ಉಣ್ಣಬಾರದೆಂದು ಚಿಕ್ಕಂದಿನಿಂದ ಕಲಿತವರು ಯಾರಾದರೂ ತುತ್ತಿಡಲೆಂದು ಕಾಯುತ್ತಾರೆ, ಇಲ್ಲವೇ ಹಸಿವಿಲ್ಲ ಎನ್ನುತ್ತಾರೆ. ಬೀಗರೂಟಕ್ಕಂತೂ ಹೋಗುವುದೇ ಇಲ್ಲ.

ಎಪ್ಪತ್ತು ದಾಟಿದವರು ಇದನ್ನು ‘ವಯಸ್ಸಾಯ್ತಲ್ಲ’ ಎಂದು ಒಪ್ಪಿಕೊಂಡುಬಿಡಬಹುದು. ಅಪಾಯ ಇರುವುದೂ ಅಲ್ಲೇ. ‘ಇನ್ನೇನು, ಕೂತ್ಕೊಳ್ಳಿ’ ಎಂದು ಮನೆಯವರು ಎಲ್ಲವನ್ನೂ ತಾವೇ ಮಾಡಿಕೊಟ್ಟರೆ, ಆಡಿಸದ ಕೈ ಬಿಗಿದುಕೊಳ್ಳುತ್ತದೆ. ಮೂವತ್ತೈದರವನಿಗೆ ಕಬ್ಬಿನ ಗದ್ದೆಯಿದೆ, ಸಾಲದ ಕಂತಿದೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ. ನಡೆದಾಡುತ್ತಿದ್ದರೂ ಮಧ್ಯಾಹ್ನಕ್ಕೇ ಸುಸ್ತಾಗಿ ಮಲಗಿದರೆ ಊರು ಸೋಮಾರಿ ಎನ್ನುತ್ತದೆ. ಆ ದಣಿವೂ ಲಕ್ವದ ಪರಿಣಾಮವೇ. ಮಕ್ಕಳಿಗೂ ಲಕ್ವ ಬರುತ್ತದೆ. ಅವರು ಬೇಗ ಸುಧಾರಿಸಿದಂತೆ ಕಂಡರೂ ಪಾಠ ಕಠಿಣವಾಗುವ ತರಗತಿಗಳಲ್ಲಿ ಕೊರತೆ ಹೊರಬೀಳಬಹುದು.

ಲಕ್ವದಿಂದ ಮಿದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಕೆಲವರು ಎಡಗಾಲು ಆಡದಿದ್ದರೂ ‘ನಂಗೇನಾಗಿದೆ?’ ಎಂದು ಎದ್ದು ಬೀಳುತ್ತಾರೆ. ಮನೆಯವರು ಇದನ್ನು ಹಟ ಅಂದುಕೊಂಡು ಬೈಯುತ್ತಾರೆ. ತನ್ನ ಕೊರತೆಯನ್ನು ಗುರುತಿಸುವ ಶಕ್ತಿಗೇ ಪೆಟ್ಟಾಗಿರುವಾಗ ಬೈದು ಏನು ಬಂತು? ಬಹುಪಾಲು ಜನರಲ್ಲಿ ಇದು ವಾರಗಳಲ್ಲಿ, ತಿಂಗಳುಗಳಲ್ಲಿ ಇಳಿಯುತ್ತದೆ. ಅಲ್ಲಿವರೆಗೆ ಮಂಚದ ಬಳಿ ಒಬ್ಬರಿರಬೇಕು. ಲಕ್ವ ಹೊಡೆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆಯೂ ಬರುತ್ತದೆ, ಅದಕ್ಕೆ ಚಿಕಿತ್ಸೆಯಿದೆ.

ಚೇತರಿಕೆಯ ವೇಗ ಮೊದಲ 3 ತಿಂಗಳಲ್ಲಿ ಹೆಚ್ಚು. 6 ತಿಂಗಳ ನಂತರ ನಿಧಾನವಾದರೂ ನಿಲ್ಲದು. ಹಾಗಾಗಿ ಬಲಗೈ ವ್ಯಾಯಾಮ, ಎಡಗೈ ಊಟ ಎರಡನ್ನೂ ಜೊತೆಗೇ ಶುರುಮಾಡಬೇಕು. ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಬಲಗೈಯನ್ನು ಮೇಜಿನ ಮೇಲಿಡಿ. ಅಂಚು ಎತ್ತರವಿರುವ ತಟ್ಟೆಯ ಅಡಿಗೆ ಒದ್ದೆ ಬಟ್ಟೆ ಹಾಸಿದರೆ ಜಾರದು. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ. ನುಂಗುವ ತಪಾಸಣೆ ಆಗುವವರೆಗೆ ಮುದ್ದೆ ಬೇಡವೇ ಬೇಡ: ಅಂಟಾದ ಮುದ್ದೆಯನ್ನು ಅಗಿಯದೆ ನುಂಗುತ್ತೇವೆ, ಗಂಟಲ ಸ್ನಾಯು ಸೋತವರಿಗೆ ಉಸಿರು ಕಟ್ಟೀತು. ತೆಳು ನೀರೂ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು, ನುಂಗುವಿಕೆ ಎರಡನ್ನೂ ಪರೀಕ್ಷಿಸುತ್ತಾರೆ.

ಅಂಗಿ ತೊಡಿಸುವಾಗ ಸೋತ ಕೈ ಮೊದಲು, ತೆಗೆಯುವಾಗ ಕೊನೆಗೆ. ಆ ಕೈ ಹಿಡಿದೆಳೆದು ಎಬ್ಬಿಸಿದರೆ ಭುಜದ ಕೀಲು ಜಾರಬಹುದು.

ದುಡಿಯುವ ವಯಸ್ಸಿನವರು ತಿಳಿದಿರಬೇಕಾದ ಕಾನೂನೊಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರರನ್ನು ಅದೇ ಕಾರಣಕ್ಕೆ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಗದ್ದೆ ಕೂಲಿಯವರಿಗೆ ಅಂಥ ರಕ್ಷಣೆಯಿಲ್ಲ. ಅವರ ಪಾಲಿಗೆ ಉಳಿಯುವುದು ಮಾಸಾಶನ, ಅದಕ್ಕೆ ಕನಿಷ್ಠ ಶೇ. 40ರ ಅಂಗವೈಕಲ್ಯವಿದೆ ಎಂಬ ಪ್ರಮಾಣಪತ್ರ ಬೇಕು.