ಕಣ್ಗಾವಲು ಬೇರೆ, ಬೇಹು ಬೇರೆ

ಫ್ರೆಂಚ್ ನೌಕಾಪಡೆಯ ‘ಸರ್ವೇಲೆನ್ಸ್ ಫ್ರಿಗೇಟ್’ ಸುದ್ದಿಗೆ ಬಂದಾಗಲೆಲ್ಲ ಯಾರಾದರೂ ಅದನ್ನು ‘ಬೇಹುಗಾರಿಕಾ ನೌಕೆ’ ಅಂತ ಬರೆದುಬಿಡುತ್ತಾರೆ. ಈ ವಾರ ಮತ್ತೆ ಓದಿದೆ. ಹೇಳಿ ಮಾಡಿಸಿದಂಥ ‘ಕಣ್ಗಾವಲು’ ನಮ್ಮಲ್ಲೇ ಇರುವಾಗ ಬೇಹಿನ ಹಿಂದೆ ಯಾಕೆ ಹೋಗಬೇಕು?

‘ಸರ್ವೇಲೆನ್ಸ್’ನ ಮೂಲವಾದ ಫ್ರೆಂಚಿನ ‘ಸುರ್‌ವೆಯಾನ್ಸ್’ ಪದವನ್ನು ಬಿಡಿಸಿ ನೋಡಿ. ‘ಸುರ್’ ಅಂದರೆ ಮೇಲೆ. ‘ವೆಯೆ’ ಅಂದರೆ ನಿದ್ದೆ ಮಾಡದೆ ಎಚ್ಚರವಾಗಿರುವುದು. ನಮ್ಮ ರಾಗಿ ಹೊಲದ ಅಟ್ಟಣೆ ನೆನಪಾಗಲ್ವಾ? ಮೇಲೆ ಕೂತು ಇರುಳಿಡೀ ಹಂದಿ ಕಾಯುವವರು ಅಡಗಿಕೊಳ್ಳುವುದಿಲ್ಲ. ಬೆಂಕಿ ಹಾಕುತ್ತಾರೆ, ತಗಡು ಬಡಿಯುತ್ತಾರೆ, ಕೂಗುತ್ತಾರೆ. ಇಲ್ಲಿ ಆಳಿದ್ದಾನೆ ಅಂತ ಹಂದಿಗೆ ಗೊತ್ತಾಗಬೇಕು. ಅದೇ ಕಾವಲು. ಬೇಹಿನವನು ಬಂದದ್ದೂ ತಿಳಿಯಬಾರದು, ಹೋದದ್ದೂ ತಿಳಿಯಬಾರದು.

ಪದಕ್ಕೆ ಅನುಮಾನದ ವಾಸನೆ ಅಂಟಿದ್ದು ಫ್ರಾನ್ಸಿನ ಕ್ರಾಂತಿಯಲ್ಲಿ. 1793ರಲ್ಲಿ ಊರೂರಲ್ಲೂ ‘ಕಣ್ಗಾವಲು ಸಮಿತಿ’ಗಳು ಹುಟ್ಟಿ, ಹೊರಗಿನಿಂದ ಬಂದವರ ಮೇಲೆ ಕಣ್ಣಿಟ್ಟವು. ಇಂಗ್ಲಿಷಿಗೆ ಪದ ಹೋದದ್ದು ಆ ವಾಸನೆ ಸಮೇತ. ನಮಗೆ ಅದು ಸಿಕ್ಕಿದ್ದು ಇಂಗ್ಲಿಷಿನಿಂದ.

ಅದೇ 1793ರಲ್ಲಿ ಕ್ರಾಂತಿಯವರು ಹೊಸ ಪಂಚಾಂಗವನ್ನೂ ತಂದರು. ಕಣ್ಗಾವಲಿನ ಆರು ಫ್ರೆಂಚ್ ಫ್ರಿಗೇಟ್‌ಗಳಿಗೆ ಇಟ್ಟಿರುವುದು ಅದರ ತಿಂಗಳುಗಳ ಹೆಸರನ್ನೇ. ಫ್ಲೊರೆಯಾಲ್ ಹೂವಿನ ತಿಂಗಳು, ಜೆರ್ಮಿನಾಲ್ ಮೊಳಕೆಯದು, ವಾಂದೆಮಿಯೇರ್ ದ್ರಾಕ್ಷಿ ಕೊಯ್ಲಿನದು, ನಿವೋಸ್ ಹಿಮದ್ದು, ವಾಂತೋಸ್ ಗಾಳಿಯದು. ಪ್ರೆರಿಯಾಲ್ ಅಂದರೆ ಹುಲ್ಲುಗಾವಲಿನ ತಿಂಗಳು. ಕಾವಲಿನ ಹಡಗಿಗೆ ಹುಲ್ಲುಗಾವಲಿನ ಹೆಸರು! ಈ ಜೋಡಿ ಕನ್ನಡದವರಿಗೆ ಮಾತ್ರ ಕಾಣುವಂಥದ್ದು, ನನಗೆ ತುಂಬ ಇಷ್ಟ.

‘ಫ್ರಿಗೇಟ್’ ಅಂದ ಕೂಡಲೇ ಭಾರಿ ಯುದ್ಧನೌಕೆ ಅಂದುಕೊಳ್ಳುವುದೂ ಬೇಡ. 1990ರ ದಶಕದ ಮೊದಲಲ್ಲಿ ಸೇವೆಗೆ ಬಂದ ಇವನ್ನು ಫ್ರಾನ್ಸಿನ ಸೇಂಟ್ ನಜೇರಿನಲ್ಲಿ ವ್ಯಾಪಾರಿ ಹಡಗು ಕಟ್ಟುವ ರೀತಿಯಲ್ಲೇ ಕಟ್ಟಿದರು. ಉದ್ದ 93 ಮೀಟರ್ ಚಿಲ್ಲರೆ, ವೇಗ 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿ.ಮೀ. ಆದರೆ ನಿಧಾನವಾಗಿ ಹೋದರೆ ಒಮ್ಮೆ ತುಂಬಿದ ಡೀಸೆಲ್‌ನಲ್ಲಿ 18,000 ಕಿ.ಮೀ. ಸಾಗುತ್ತದೆ. ಕಾವಲಿಗೆ ಬೇಕಾದ್ದು ಓಟವಲ್ಲ, ತಾಳ್ಮೆ.

ಕಾಯಬೇಕಾದ ಹೊಲ ಎಲ್ಲಿದೆ ನೋಡಿ. ಫ್ರಾನ್ಸಿನ ಪಾಲಿನ ಕಡಲಿನಲ್ಲಿ ಬಹುಪಾಲು ಇರುವುದು ಯೂರೋಪಿನಿಂದಾಚೆ. ಅದಕ್ಕೇ ಈ ಹಡಗುಗಳ ನೆಲೆ ಫ್ರಾನ್ಸಿನದೇ ಆದ ದೂರದ ದ್ವೀಪಗಳು: ಮಾರ್ಟಿನಿಕ್, ತಾಹಿತಿ, ನ್ಯೂ ಕ್ಯಾಲೆಡೋನಿಯಾ, ರಿಯೂನಿಯನ್. ರಿಯೂನಿಯನ್‌ನಿಂದ ಹೊರಟ ಹಡಗು 3,000 ಕಿ.ಮೀ.ಗೂ ಜಾಸ್ತಿ ದಕ್ಷಿಣಕ್ಕೆ, ಕೆರ್ಗೆಲೆನ್ ದ್ವೀಪಗಳ ಕಡೆ ಹೋಗುತ್ತದೆ. ಅಲ್ಲಿ ಟೂತ್‌ಫಿಶ್ ಅನ್ನುವ ದುಬಾರಿ ಮೀನನ್ನು ಕದಿಯುವ ದೋಣಿಗಳು ಬರುತ್ತವೆ. ಬೂದು ಬಣ್ಣದ ಹಡಗೊಂದು ಅತ್ತ ಸುತ್ತುತ್ತಿದೆ ಅಂತ ಕಳ್ಳರಿಗೆ ತಿಳಿದರೇ ಅರ್ಧ ಕೆಲಸ ಆದಂತೆ. ತಗಡು ಬಡಿಯುವುದು ಅಂದರೆ ಇದೇ. ಬೇಕಾದಾಗ ಹಿಡಿಯುವುದೂ ಉಂಟು: 2009ರ ಏಪ್ರಿಲ್‌ನಲ್ಲಿ ನಿವೋಸ್ 11 ಮಂದಿ ಸೊಮಾಲಿ ಕಡಲ್ಗಳ್ಳರನ್ನು ಸೆರೆಹಿಡಿಯಿತು.

ಬೇಹಿನ ಹಡಗು ಫ್ರೆಂಚರ ಬಳಿ ಬೇರೆಯೇ ಇದೆ. 2006ರಿಂದ ಸೇವೆಯಲ್ಲಿರುವ ದ್ಯುಪುಯಿ ದ ಲೋಮ್. ಅದರ ಕೆಲಸ ರೇಡಿಯೊ, ರಡಾರ್ ಅಲೆಗಳನ್ನು ಕದ್ದು ಕೇಳುವುದು. ಅದನ್ನು ಅವರು ‘ಸುರ್‌ವೆಯಾನ್ಸ್’ ಹಡಗು ಅನ್ನುವುದಿಲ್ಲ, ‘ರಾಂಸೆನ್ಯೆಮಾಂ’ ಹಡಗು, ಅಂದರೆ ಗುಪ್ತ ಮಾಹಿತಿಯ ಹಡಗು ಅನ್ನುತ್ತಾರೆ. ‘ಬೇಹು’ ಬಳಸಲೇಬೇಕು ಅನ್ನಿಸಿದರೆ ಅದಕ್ಕೆ ಬಳಸಿ.